ತಡವಾಗಿ ತಲುಪಿದವರಿಗೆ



ಮನೆ ಸಂದರ್ಶನಕ್ಕೆ ಹೋದಾಗ ಈಚಿನ ವರುಷಗಳಲ್ಲಿ ಒಂದು ಸಂಗತಿಯನ್ನು ಗಮನಿಸುತ್ತಿದ್ದೇನೆ. ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ಕೆಲವು ಮನೆಗಳಲ್ಲಿ ಎರಡು ಗಡಿಯಾರಗಳು ತೂಗುತ್ತವೆ. ಒಂದು ನಮ್ಮ ಊರಿನ ವೇಳೆ, ಇನ್ನೊಂದು ಮಗನೋ ಮಗಳೋ ಇರುವ ಊರಿನದು. ಷಿಕಾಗೊ ಆದರೆ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ. ಈ ಲೆಕ್ಕವನ್ನು ಶಾಲೆಗೆ ಹೋಗದ ಅಜ್ಜಿಯರೂ ತಪ್ಪಿಲ್ಲದೆ ಹೇಳುತ್ತಾರೆ. "ಈಗ ಅಲ್ಲಿ ಮಲಗಿರುತ್ತಾನೆ ಫಾದರ್, ಎಬ್ಬಿಸಬಾರದು" ಎನ್ನುತ್ತಾರೆ.

ಆ ಎರಡು ಗಡಿಯಾರಗಳ ನಡುವಿನ ಹಾದಿಯ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ವಿದೇಶಕ್ಕೆ ಹೋದವರ ಬಗ್ಗೆ, ಅವರು ಕಳಿಸುವ ಹಣದ ಬಗ್ಗೆ, ಹಳ್ಳಿಯಲ್ಲಿ ಉಳಿದ ತಂದೆತಾಯಿಯರ ಒಂಟಿತನದ ಬಗ್ಗೆ ನಾವು ಪೀಠದಿಂದ ಬೇಕಾದಷ್ಟು ಉಪದೇಶ ಮಾಡಿದ್ದೇವೆ. ಆದರೆ ಮಧ್ಯರಾತ್ರಿ ಫೋನು ಬಂದು, ಕೈಗೆ ಸಿಕ್ಕ ಅಂಗಿಯನ್ನು ಚೀಲಕ್ಕೆ ತುರುಕಿ, ಹದಿನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಕುಳಿತು ಬರುವ ಮನುಷ್ಯನ ಬಗ್ಗೆ ಉಪದೇಶ ಮಾಡಿದ ನೆನಪು ನನಗಿಲ್ಲ. ಆ ಕುರ್ಚಿಯಲ್ಲಿ ನಾನೂ ಕುಳಿತಿದ್ದೆ.

2016ರ ಜನವರಿ. ಆಗ ನಾನು ಷಿಕಾಗೊ ಬಳಿಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಕ್ರಿಸ್ತಜಯಂತಿಗೆ ಬಾ ಎಂದು ಅಮ್ಮ ಕರೆದಿದ್ದರು. ಕ್ರಿಸ್ತಜಯಂತಿಯ ವಾರದಲ್ಲಿ ಗುರುಗಳಿಗೆ ರಜೆ ಎಲ್ಲಿಯದು? "ಈಸ್ಟರ್ ಮುಗಿದ ಮೇಲೆ ಬರುತ್ತೇನಮ್ಮ" ಎಂದಿದ್ದೆ. ಆ ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಅಣ್ಣನ ಫೋನು. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಆಗ ಬುಧವಾರದ ನಡುರಾತ್ರಿ ಕಳೆದು ಅರ್ಧ ಗಂಟೆ. ಅಮ್ಮನಿಗೆ ಪಾರ್ಶ್ವವಾಯು ಬಡಿದಿದೆ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಿದ್ದಾರೆ, ಬರುವುದಾದರೆ ಈಗಲೇ ಬಾ. ಅದೇ ರಾತ್ರಿ ಎಂಟೂವರೆಗೆ ದುಬೈಗೆ ಹೊರಡುವ ವಿಮಾನದಲ್ಲಿ ಒಂದು ಜಾಗ ಸಿಕ್ಕಿತು.

ಷಿಕಾಗೊದಿಂದ ದುಬೈಗೆ ಸುಮಾರು 11,600 ಕಿಲೋಮೀಟರ್. ಹದಿಮೂರೂವರೆ ಗಂಟೆಯ ಹಾರಾಟ. ಇದನ್ನು ಓದುತ್ತಿರುವ ಹಲವರಿಗೆ ಆ ಒಳಗಿನ ಬದುಕು ಗೊತ್ತಿದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ವಿಮಾನ 35,000 ಅಡಿ ಎತ್ತರದಲ್ಲಿ, ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ. ಒಳಗಿನ ಗಾಳಿಯನ್ನು ಯಂತ್ರಗಳು ಒತ್ತಿ ತುಂಬುತ್ತವೆಯಾದರೂ ಅದು ನೆಲದ ಗಾಳಿಯಂತಲ್ಲ, ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಗಾಳಿಯಂತೆ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಅಂದರೆ ನೀವು ಇಡೀ ರಾತ್ರಿ ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕಿಂತ ಮೇಲೋ ಕುಳಿತಂತೆ, ಆದರೆ ಮಂಜಿಲ್ಲ, ಹಸಿಯಿಲ್ಲ. ಗಾಳಿ ಎಷ್ಟು ಒಣಗಿರುತ್ತದೆಂದರೆ ತುಟಿ ಬಿರಿಯುತ್ತದೆ, ಕಣ್ಣು ಉರಿಯುತ್ತದೆ. ಕಾಲು ಊದಿ ಪಾದರಕ್ಷೆ ಹಿಡಿಯುವುದಿಲ್ಲ. (ವಯಸ್ಸಾದವರು ಮಗಳ ಬಾಣಂತನಕ್ಕೆಂದು ಹೊರಟಿದ್ದರೆ ನಡುನಡುವೆ ಎದ್ದು ನಡೆಯಿರಿ, ನೀರು ಕುಡಿಯಿರಿ. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಪಕ್ಕದವರಿಗೆ ತೊಂದರೆಯಾಗುತ್ತದೆಂದು ನಾಚಿ ಕೂರಬೇಡಿ.)

ಎದುರಿನ ಕುರ್ಚಿಯ ಬೆನ್ನಿನಲ್ಲಿ ಒಂದು ಪುಟ್ಟ ಪರದೆ. ಅದರಲ್ಲಿ ಭೂಪಟ, ಅದರ ಮೇಲೆ ಇರುವೆಯಂತೆ ತೆವಳುವ ವಿಮಾನದ ಚಿತ್ರ. ಸಿನಿಮಾ ನೋಡುವ ಮನಸ್ಸಿಲ್ಲದವರಿಗೆ ಅದೊಂದೇ ಗತಿ. ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ಅದು ಮುಂದಕ್ಕೆ ಹೋಗುತ್ತಲೇ ಇಲ್ಲ ಎನ್ನಿಸುತ್ತಿತ್ತು. ನೆಲದ ಮೇಲೆ ಇದ್ದಿದ್ದರೆ ಏನಾದರೂ ಮಾಡುತ್ತಿದ್ದೆ. ಬಸ್ಸು ನಿಧಾನವಾದರೆ ಇಳಿದು ಕಾರು ಹಿಡಿಯಬಹುದು, ಕಾರು ಕೆಟ್ಟರೆ ನಡೆಯಬಹುದು, ಕೊನೆಗೆ ಡ್ರೈವರನ ಮೇಲೆ ರೇಗಬಹುದು. ಇಲ್ಲಿ ಬೆಲ್ಟು ಕಟ್ಟಿಕೊಂಡು ಕೂರುವುದೊಂದೇ ಕೆಲಸ. ಎಷ್ಟೋ ಮಂದಿಯ ಹಾಸಿಗೆಯ ಬಳಿ ನಿಂತು "ಎಲ್ಲವನ್ನೂ ದೇವರ ಕೈಗೆ ಒಪ್ಪಿಸಿಬಿಡಿ" ಎಂದು ನಾನು ಹೇಳಿದ್ದುಂಟು. ಆ ಮಾತು ಎಷ್ಟು ಭಾರವೆಂದು ಅಂದು ಗೊತ್ತಾಯಿತು.

ಜಪಸರ ತೆಗೆದೆ. ತೆಗೆದ ಕೂಡಲೇ ಒಂದು ತೊಡಕು. ಇವತ್ತು ಯಾವ ವಾರ? ನನ್ನ ಕೈಗಡಿಯಾರದಲ್ಲಿ ಮಂಗಳವಾರದ ರಾತ್ರಿ, ದುಃಖದ ರಹಸ್ಯಗಳು. ಊರಿನಲ್ಲಿ ಬುಧವಾರ ಬೆಳಗಾಗಿದೆ, ಮಹಿಮೆಯ ರಹಸ್ಯಗಳು. ನಗಬೇಡಿ, ಇಂಥ ಹೊತ್ತಿನಲ್ಲಿ ಮನಸ್ಸು ಸಣ್ಣ ವಿಷಯಗಳಿಗೇ ಅಂಟಿಕೊಳ್ಳುತ್ತದೆ. ಮೆಗೆಲ್ಲನನ ಹಡಗಿನವರಿಗೂ ಇದೇ ಗೊಂದಲವಾಗಿತ್ತು. ಭೂಮಿಯನ್ನು ಪಶ್ಚಿಮ ದಿಕ್ಕಿನಿಂದ ಸುತ್ತಿ, 1522ರ ಜುಲೈಯಲ್ಲಿ ಅವರು ಕೇಪ್ ವರ್ಡೆ ದ್ವೀಪಕ್ಕೆ ಬಂದಾಗ ಹಡಗಿನ ಲೆಕ್ಕದಲ್ಲಿ ಬುಧವಾರ, ದ್ವೀಪದಲ್ಲಿ ಗುರುವಾರ. ದಿನವೂ ತಪ್ಪದೆ ದಿನಚರಿ ಬರೆದಿದ್ದ ಪಿಗಾಫೆಟ್ಟಾ ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಬೆರಗಾದ. ಲೆಕ್ಕ ತಪ್ಪಿರಲಿಲ್ಲ. ಸೂರ್ಯನ ಬೆನ್ನು ಹತ್ತಿ ಸುತ್ತಿ ಬಂದವರಿಗೆ ಒಂದು ದಿನ ಕಡಿಮೆ ಬಿದ್ದಿತ್ತು, ಅಷ್ಟೆ.

ನಾನು ನನ್ನ ಗಡಿಯಾರವನ್ನೇ ನಂಬಿ ದುಃಖದ ರಹಸ್ಯಗಳನ್ನು ಹೇಳಿದೆ.

ಹೊರಟು ಮೂರು ಗಂಟೆಯಾಗಿತ್ತು. ಪರದೆಯ ಮೇಲೆ ವಿಮಾನ ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಹತ್ತಿರವಿತ್ತು. ಊಟದ ತಟ್ಟೆ ಬಂದಿತ್ತು, ಅನ್ನ ಮತ್ತು ಕೋಳಿ. ಊಟ ಮಾಡಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಆ ತಟ್ಟೆಯನ್ನು ಮುಂದಿಟ್ಟುಕೊಂಡಿದ್ದ ಹೊತ್ತಿಗೇ, ಊರಿನಲ್ಲಿ ಬುಧವಾರ ಬೆಳಗಿನ ಹನ್ನೊಂದು ಗಂಟೆಗೆ, ಅಮ್ಮ ತೀರಿಕೊಂಡರು. ನನಗೆ ಏನೂ ಗೊತ್ತಾಗಲಿಲ್ಲ. ಎದೆ ನಡುಗಲಿಲ್ಲ, ಕನಸು ಬೀಳಲಿಲ್ಲ. ತಾಯಿಯ ಪ್ರಾಣ ಹೋದಾಗ ಮಕ್ಕಳಿಗೆ ಎಲ್ಲಿದ್ದರೂ ತಿಳಿಯುತ್ತದೆ ಎಂದು ಹೇಳುವವರಿದ್ದಾರೆ. ಹಾಗೆ ತಿಳಿಯಲಿಲ್ಲವೆಂದು ಕೊರಗುವ ಮಕ್ಕಳೂ ಇದ್ದಾರೆ. ಕೊರಗಬೇಡಿ. ಪ್ರೀತಿ ಟೆಲಿಗ್ರಾಮ್ ಕಚೇರಿಯಲ್ಲ.

ಇನ್ನೊಂದು ಮಾತನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನನ್ನ ಪಕ್ಕದಲ್ಲಿ ಒಬ್ಬ ಯುವಕನಿದ್ದ, ಹೈದರಾಬಾದಿನ ಕಡೆಯವನು. ನನ್ನ ಮುಖ ನೋಡಿ ವಿಚಾರಿಸಿದ. ವಿಷಯ ಹೇಳಿದೆ. ಆತ ತನ್ನ ಫೋನನ್ನು ಮುಂದಕ್ಕೆ ಹಿಡಿದು, "ಫಾದರ್, ಹಣ ಕಟ್ಟಿದರೆ ಇಲ್ಲಿ ಇಂಟರ್ನೆಟ್ ಸಿಗುತ್ತದೆ. ನಾನು ಕಟ್ಟುತ್ತೇನೆ, ಮನೆಗೆ ಒಂದು ಸಂದೇಶ ಕಳಿಸಿ" ಎಂದ. ನಾನು ಬೇಡ ಎಂದೆ. ಖರ್ಚು ಯಾಕೆ ಎಂದೆ, ಇಳಿದ ಮೇಲೆ ನೋಡೋಣ ಎಂದೆ. ಅದು ನಿಜವಲ್ಲ. ನಾನು ಹೆದರಿದ್ದೆ. ಕೇಳದೆ ಇರುವವರೆಗೂ ಅಮ್ಮ ಬದುಕಿದ್ದಾರೆ ಎಂಬ ಹುಚ್ಚು ಲೆಕ್ಕ ನನ್ನದು. ಇಪ್ಪತ್ತು ವರುಷ ಸಾವಿನ ಮನೆಗಳಲ್ಲಿ ಪುನರುತ್ಥಾನದ ಮೇಲೆ ಬೋಧನೆ ಮಾಡಿದವನು ಒಂದು ಸಂದೇಶಕ್ಕೆ ಹೆದರಿ ಕುಳಿತಿದ್ದೆ. ಆ ಹುಡುಗ ಮತ್ತೆ ಒತ್ತಾಯಿಸಲಿಲ್ಲ. ತನ್ನ ಕಂಬಳಿಯನ್ನೂ ನನಗೇ ಹೊದಿಸಿ ಮಲಗಿದ.

ಪೂರ್ವಕ್ಕೆ ಹಾರುವವರಿಗೆ ರಾತ್ರಿಯೂ ಗಿಡ್ಡ, ಹಗಲೂ ಗಿಡ್ಡ. ಅಟ್ಲಾಂಟಿಕ್ ದಾಟುವಾಗ ಕಿಟಕಿಯ ಅಂಚಿನಲ್ಲಿ ಕೆಂಪು ಗೆರೆ ಮೂಡಿತು. ಐದಾರು ಗಂಟೆಯಲ್ಲಿ ಅದೇ ಸೂರ್ಯ ಹಿಂದಕ್ಕೆ ಬಿದ್ದು ಮತ್ತೆ ಕತ್ತಲೆಯಾಯಿತು. ಆ ತುಂಡು ಹಗಲಿನುದ್ದಕ್ಕೂ ನಾನು ಒಂದೇ ಪ್ರಾರ್ಥನೆ ಮಾಡಿದೆ: ಅಮ್ಮನನ್ನು ಉಳಿಸು, ಉಳಿಸಲಾಗದಿದ್ದರೆ ಒಳ್ಳೆಯ ಮರಣ ಕೊಡು, ಹೆದರದಂತೆ ನೋಡಿಕೋ. ದುಬೈಯಲ್ಲಿ ಇಳಿದು, ನನ್ನ ಹಳೆಯ ಗುಂಡಿಯ ಫೋನನ್ನು ಒತ್ತಿದಾಗ ಅಣ್ಣನ ಸಂದೇಶ ಬಂತು. ಅಮ್ಮ ಹೋಗಿ ಆಗಲೇ ಹತ್ತೂವರೆ ಗಂಟೆ ಕಳೆದಿತ್ತು.

ಹಾಗಾದರೆ ಆ ಹತ್ತೂವರೆ ಗಂಟೆಗಳ ಪ್ರಾರ್ಥನೆ ಎಲ್ಲಿಗೆ ಹೋಯಿತು? ಪ್ರಿಯ ಓದುಗರೇ, ಇದು ನನ್ನೊಬ್ಬನ ಪ್ರಶ್ನೆಯಲ್ಲ. ಕುವೈತಿನಿಂದ, ಮಸ್ಕತ್ತಿನಿಂದ, ಟೊರಾಂಟೊದಿಂದ ಓಡಿಬಂದು ತಡವಾಗಿ ತಲುಪಿದ ಮಕ್ಕಳು ಪಾಪನಿವೇದನೆಯ ಪೀಠದ ಬಳಿ, ಸಮಾಧಿಭೂಮಿಯ ಗೇಟಿನ ಬಳಿ ನನ್ನನ್ನು ಇದೇ ಕೇಳಿದ್ದಾರೆ. ಸತ್ತವರ ಆರೋಗ್ಯಕ್ಕಾಗಿ ಪ್ರಾರ್ಥಿಸಿದೆವಲ್ಲ ಫಾದರ್, ದೇವರು ನಕ್ಕಿರಬೇಕು.

ದೇವರು ನಗುವುದಿಲ್ಲ. ಮೃತರಿಗಾಗಿ ಪ್ರಾರ್ಥಿಸುವುದು ಧರ್ಮಸಭೆಯ ಹಳೆಯ ಪದ್ಧತಿ, ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಯೂದನು ಯುದ್ಧದಲ್ಲಿ ಬಿದ್ದ ತನ್ನವರಿಗಾಗಿ ಬಲಿಯರ್ಪಿಸಲು ಜೆರುಸಲೇಮಿಗೆ ಹಣ ಕಳಿಸಿದ ಕಥೆಯೇ ಇದೆ. ಆದ್ದರಿಂದ ಆ ಪ್ರಾರ್ಥನೆ ಅವರ ಆತ್ಮಕ್ಕಂತೂ ಸಂದಿದೆ. ಇಷ್ಟನ್ನು ಉಪದೇಶಿಯೂ ಹೇಳಿಯಾನು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ನನ್ನದು ಬರೀ ಆತ್ಮಶಾಂತಿಯ ಬೇಡಿಕೆಯಾಗಿರಲಿಲ್ಲ. ಒಳ್ಳೆಯ ಮರಣ ಕೊಡು ಎಂದು ಕೇಳಿದ್ದೆ, ಅದೂ ಮರಣವಾದ ಮೇಲೆ. ಅದು ತಡವಾಗಲಿಲ್ಲವೇ?

ಡಿಸೆಂಬರ್ 8ರ ಹಬ್ಬವನ್ನು ನೆನಪಿಸಿಕೊಳ್ಳಿ. 1854ರಲ್ಲಿ ಪೋಪ್ 9ನೆಯ ಭಕ್ತಿನಾಥರು ಮಾತೆ ಮರಿಯಮ್ಮನವರ ಅಮಲೋದ್ಭವವನ್ನು ವಿಶ್ವಾಸದ ಸತ್ಯವೆಂದು ಸಾರಿದಾಗ ಹೇಳಿದ್ದೇನು? ಕ್ರಿಸ್ತನು ಮುಂದೆ ಗಳಿಸಲಿದ್ದ ಪುಣ್ಯಫಲದಿಂದಲೇ ಆ ತಾಯಿ ಗರ್ಭಧಾರಣೆಯ ಮೊದಲ ಕ್ಷಣದಿಂದ ಪಾಪದ ಕಳಂಕವಿಲ್ಲದೆ ಉಳಿದರು ಎಂದು. ಕಲ್ವಾರಿ ಬೆಟ್ಟದ ಮೇಲೆ ಶಿಲುಬೆ ನೆಡುವುದಕ್ಕೆ ಎಷ್ಟೋ ವರುಷ ಮುಂಚೆಯೇ ಅದರ ವರಪ್ರಸಾದ ಸಂತ ಅನ್ನಮ್ಮನವರ ಗರ್ಭಕ್ಕೆ ತಲುಪಿತು. ಫಲ ಮೊದಲು, ಮರ ಆಮೇಲೆ. ನಾವು ವರುಷಕ್ಕೊಮ್ಮೆ ಹಾಡಿ, ಹಬ್ಬದೂಟ ಮಾಡಿ ಮರೆಯುವ ಈ ಸತ್ಯ ದುಬೈ ನಿಲ್ದಾಣದ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನನಗೆ ಮತ್ತೆ ಸಿಕ್ಕಿತು. ದೇವರ ಮನೆಯ ಗೋಡೆಯಲ್ಲಿ ಎರಡು ಗಡಿಯಾರಗಳಿಲ್ಲ. ಬುಧವಾರ ಸಂಜೆ ಒಬ್ಬ ಮಗ ತಿಳಿಯದೆ ಕೇಳಿದ್ದನ್ನು ಬುಧವಾರ ಬೆಳಿಗ್ಗೆಯೇ ಕೊಡಲು ಆತನಿಗೆ ಅಡ್ಡಿಯೇನು? ನಡೆದುಹೋದದ್ದನ್ನು ಬದಲಿಸು ಎಂದು ತಿಳಿದೂ ಕೇಳುವುದು ಬೇರೆ. ತಿಳಿಯದವನ ಪ್ರಾರ್ಥನೆ ತಡವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ನನ್ನದು ಬೇಕೆಂದೇ ತಿಳಿಯದ ಪ್ರಾರ್ಥನೆ, ಫೋನು ಬೇಡವೆಂದವನ ಪ್ರಾರ್ಥನೆ. ಅದನ್ನು ದೇವರು ಹೇಗೆ ಲೆಕ್ಕ ಹಾಕಿದನೋ, ಕರುಣೆಯಿಂದಲೇ ಹಾಕಿರಬೇಕು.

ವಿಮಾನಯಾನಿಗಳ ಪಾಲಕಿ ಯಾರು ಗೊತ್ತೇ? ಇಟಲಿಯ ಲೊರೆಟೊ ಮಾತೆ. 1920ರಲ್ಲಿ ಪೋಪ್ 15ನೆಯ ಬೆನೆಡಿಕ್ಟರು ಹಾಗೆ ಘೋಷಿಸಿದರು. ಲೊರೆಟೊದ ಬೆಸಿಲಿಕಾದೊಳಗೆ ಒಂದು ಪುಟ್ಟ ಕಲ್ಲಿನ ಮನೆಯಿದೆ. ಮಾತೆ ಮರಿಯಮ್ಮ ನಜರೇತಿನಲ್ಲಿ ಬಾಳಿದ ಮನೆ ಅದು, ದೇವದೂತರು ಅದನ್ನು ಆಕಾಶಮಾರ್ಗವಾಗಿ ಹೊತ್ತು ತಂದರು ಎಂಬುದು ಅಲ್ಲಿನ ಪರಂಪರೆ. ಹಾರುವವರ ಪಾಲಕಿಯಾಗಿ ಧರ್ಮಸಭೆ ಆರಿಸಿದ್ದು ಒಂದು ಮನೆಯ ಮಾತೆಯನ್ನು. 1951ರಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಮಾತೆಯ ಹೆಸರಿನಲ್ಲೇ ಪ್ರಾರ್ಥನಾಲಯ ತೆರೆದರು. ಷಿಕಾಗೊ, ಫ್ರಾಂಕ್‌ಫರ್ಟ್ ನಿಲ್ದಾಣಗಳಲ್ಲೂ ಪ್ರಾರ್ಥನಾಲಯಗಳಿವೆ. ಬದಲಿ ವಿಮಾನಕ್ಕೆ ನಾಲ್ಕೈದು ಗಂಟೆ ಇದ್ದರೆ ಅಂಗಡಿಗಳ ನಡುವೆ ಸುತ್ತುವ ಬದಲು ಹುಡುಕಿ ನೋಡಿ.

ಗುರುವಾರ ಬೆಳಗಿನ ಜಾವ ಬೆಂಗಳೂರು. ಅಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆ. ಮನೆಯ ಮುಂದೆ ಶಾಮಿಯಾನ, ಹಜಾರದಲ್ಲಿ ಬಾಡಿಗೆಯ ಐಸ್ ಪೆಟ್ಟಿಗೆ, ಅದರ ಗಾಜಿನ ಕೆಳಗೆ ಅಮ್ಮ. ಚಿಕ್ಕಮ್ಮ ನನ್ನನ್ನು ತಬ್ಬಿಕೊಂಡು ಅತ್ತ ಮೊದಲ ಮಾತೇ, "ನಿನ್ನೆ ಬಂದಿದ್ದರೆ ಮುಖ ನೋಡುತ್ತಿದ್ದರಲ್ಲೋ."

ಆ ಮಾತಿನಲ್ಲಿ ಕೆಡುಕಿರಲಿಲ್ಲ. ಬೆಥಾನಿಯದಲ್ಲಿ ಮಾರ್ತಳೂ ಯೇಸುಸ್ವಾಮಿಯ ಮುಂದೆ ಅದನ್ನೇ ಆಡಿದಳು. ಸಂತ ಯೊವಾನ್ನರ ಶುಭಸಂದೇಶದ ಆ ಅಧ್ಯಾಯವನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಗೆಳೆಯನಿಗೆ ಕಾಯಿಲೆಯೆಂದು ದೂರದಲ್ಲಿದ್ದ ಪ್ರಭುವಿಗೆ ಸುದ್ದಿ ಹೋಯಿತು. ಅವರು ತಲುಪಿದಾಗ ಲಾಸರ ಸಮಾಧಿಯಲ್ಲಿದ್ದು ನಾಲ್ಕು ದಿನ. ಅಕ್ಕ ಆಡಿದ್ದನ್ನೇ ತಂಗಿಯೂ ಆಡಿದಳು. ಸ್ವಾಮಿ ತಡವಾದದ್ದಕ್ಕೆ ಸಬೂಬು ಹೇಳಲಿಲ್ಲ. ಹಾಗೇಕೆ ಕೇಳುತ್ತೀರಿ ಎಂದು ಗದರಲಿಲ್ಲ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು, ಅತ್ತರು. ಲಾಸರನನ್ನು ಎಬ್ಬಿಸಿದ್ದು ಆಮೇಲೆ. ನಮಗೆ ಎಬ್ಬಿಸಲು ಬರುವುದಿಲ್ಲ, ಎಲ್ಲಿ ಇಟ್ಟಿದ್ದೀರಿ ಎಂದು ಕೇಳಲು ಬರುತ್ತದೆ. ದೂರದಿಂದ ಬಂದ ಮಕ್ಕಳನ್ನು ಬಾಗಿಲಲ್ಲೇ ತಡೆದು ವಿಮಾನದ ಲೆಕ್ಕ ಕೇಳುವ ಬಂಧುಗಳು ಇದನ್ನು ಓದಿದರೆ ಒಳ್ಳೆಯದು. ಇಪ್ಪತ್ತೇಳು ಗಂಟೆ ಆ ಲೆಕ್ಕವನ್ನು ಅವರು ತಾವೇ ಹಾಕಿಕೊಂಡು ಬಂದಿರುತ್ತಾರೆ.

ಮನೆಯಲ್ಲಿ ಉಳಿದವರಿಗೆ ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹಿರಿಯರಿಗೆ ಜೋರಾದಾಗ ನೀವು ಮೊದಲು ಅಮೆರಿಕಕ್ಕೆ ಫೋನು ಮಾಡುತ್ತೀರಿ, ಆಮೇಲೆ ದುಬೈಗೆ, ಆಮೇಲೆ ಬೆಂಗಳೂರಿಗೆ. ಗುರುಮನೆ ಅರ್ಧ ಮೈಲಿ ದೂರದಲ್ಲಿದ್ದರೂ ಅಲ್ಲಿಗೆ ಫೋನು ಬರುವುದು ಕೊನೆಗೆ, ಉಸಿರು ನಿಂತ ಮೇಲೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ, ಇದು ಸಾಯುವ ಕ್ಷಣದವರ ಸಂಸ್ಕಾರ ಮಾತ್ರವಲ್ಲ, ರೋಗಿಗಳ ಅಭ್ಯಂಗ ಎಂದು ಕರೆಯುವುದೇ ಸರಿ ಎಂದು. ಇನ್ನೂ ನಮ್ಮ ಜನ ಗುರುಗಳು ಎಣ್ಣೆ ತಂದರೆ ಸಾವು ಬಂತೆಂದು ಹೆದರುತ್ತಾರೆ. ನನ್ನ ಅಣ್ಣ ಹಾಗೆ ಮಾಡಲಿಲ್ಲ. ನನಗೆ ಫೋನು ಮಾಡುವ ಮೊದಲೇ ನಮ್ಮೂರಿನ ಗುರುಗಳನ್ನು ಎಬ್ಬಿಸಿದ್ದ. ಎಷ್ಟೋ ತಾಯಂದಿರಿಗೆ ಅಭ್ಯಂಗ ಮಾಡಿದ ನನ್ನ ಕೈಗೆ ನನ್ನ ತಾಯಿಯ ಹಣೆ ಸಿಗಲಿಲ್ಲ, ಆ ನೋವು ಇದೆ. ಆದರೆ ಇನ್ನೊಬ್ಬ ಗುರುವಿನ ಕೈ ಅಲ್ಲಿತ್ತು. ಈ ಉಪಕಾರವನ್ನು ನಾನು ಅಣ್ಣನಿಗೆ ಬಾಯಿಬಿಟ್ಟು ಹೇಳಿದ್ದು ವರುಷದ ಪೂಜೆಯ ದಿನ.

ಮಣ್ಣು ಮಾಡಿ ಬಂದ ಸಂಜೆ ಅಕ್ಕನನ್ನು ಕೇಳಿದೆ, ಕೊನೆಯ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಎಂದು. ಜಪಸರ ಹೇಳುತ್ತಿದ್ದೆವು ಎಂದಳು. ಯಾವ ರಹಸ್ಯ ಎಂದೆ. ಬುಧವಾರವಲ್ಲವೇನೋ, ಮಹಿಮೆಯದು ಎಂದಳು, ಎಷ್ಟನೆಯದೋ ನೆನಪಿಲ್ಲ. ಆಗ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ದೊಡ್ಡಮ್ಮ ಗಂಜಿ ತಂದರು. ಅವರು ನಮ್ಮ ಧರ್ಮದವರಲ್ಲ. ನಲವತ್ತು ವರುಷ ಅಮ್ಮನ ಜೊತೆ ಒಂದೇ ಬಾವಿಯ ನೀರು ಸೇದಿದವರು. ಅಮ್ಮನ ಬಾಯಿಗೆ ಕೊನೆಯ ನೀರು ಬಿಟ್ಟವರೂ ಅವರೇ. ಗಂಜಿಯ ಪಾತ್ರೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುಳಿತರು.

"ನಾನೇ ಕಿವೀಲಿ ಕೂಗಿ ಹೇಳ್ದೆ ಕಣಪ್ಪ," ಎಂದರು. "ಸಣ್ ಮಗ ಇಮಾನ ಹತ್ತವ್ನೆ ಕಣವ್ವ, ಬತ್ತಾವ್ನೆ ಅಂದೆ. ಕಣ್ಣು ಬಿಟ್ಟು ಮೇಲಕ್ಕೆ ಹೆಂಚು ನೋಡುದ್ರು. ಎಲ್ಲಾದ್ರೂ ಸದ್ದು ಕೇಳ್ತದೇನೋ ಅಂತ ನಾನೂ ನೋಡ್ದೆ."